ಆರು-ಏಳು-ಎಂಟನೇ ಕ್ಲಾಸಿನ ಮಕ್ಕಳಿಗೆ ಧರ್ಮೋಪದೇಶ ಹೇಗೆ ಹೇಳಿಕೊಡುತ್ತೀರಿ? ಅಪ್ಪಳದ ಪ್ರಶ್ನೆಗೆ ಸಿಕ್ಕಿಬಿದ್ದಿದ್ದೇನೆ

ಭಾನುವಾರದ ಮಿಸ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಟೀಚರ್ ಅಲ್ಲ. ವಾರವೆಲ್ಲ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯೋದು, ರಿಪೋರ್ಟ್ ಬರೆಯೋದು, ಇಷ್ಟೇ ಕೆಲಸ. ಜೂನ್‌ನಲ್ಲಿ ನಮ್ಮ ಕಥೋಲಿಕ ಚರ್ಚಿನ ಫಾದರ್ ಕರೆದು "ಆರರಿಂದ ಎಂಟರ ಮಕ್ಕಳಿಗೆ ಯಾರೂ ಇಲ್ಲಮ್ಮ, ನೀನು ತಗೋ" ಅಂದರು. ಹೂಂ ಅಂದುಬಿಟ್ಟೆ. ಯಾಕೆ ಯಾರೂ ಇಲ್ಲ ಅನ್ನೋದು ಎರಡನೇ ವಾರಕ್ಕೇ ಗೊತ್ತಾಯಿತು.

ಪೂಜೆ ಮುಗಿದ ಮೇಲೆ ಮುಕ್ಕಾಲು ಗಂಟೆ ಕ್ಲಾಸು. ಹಾಜರಿ ಪುಸ್ತಕದಲ್ಲಿ 19 ಹೆಸರು, ಬರುವವರು 12-13. ಚಿಕ್ಕವರಿಗೆ ಮೊದಲ ಪರಮಪ್ರಸಾದ (ಪೂಜೆಯ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸೋದು) ಇದೆ, ಬಿಳಿ ಬಟ್ಟೆ ಇದೆ, ಮನೆಯಲ್ಲಿ ಊಟ ಇದೆ. ದೊಡ್ಡವರಿಗೆ ದೃಢೀಕರಣ (ವಿಶ್ವಾಸವನ್ನು ಗಟ್ಟಿ ಮಾಡುವ ವಿಧಿ) ಇದೆ, ಬಿಷಪ್ ಬರುತ್ತಾರೆ. ನನ್ನ ಮಕ್ಕಳಿಗೆ ಏನೂ ಇಲ್ಲ, ಒಂದು ಮುಗಿದಿದೆ, ಇನ್ನೊಂದು ಬಂದಿಲ್ಲ. ಹೊಟ್ಟೆ ಹಸಿದಿರುತ್ತೆ, ಹೊರಗೆ ಗೆಳೆಯರು ಬ್ಯಾಟು ಹಿಡಿದು ಕಾಯುತ್ತಿರುತ್ತಾರೆ, ನಾನು ಪುಸ್ತಕ ಓದುತ್ತಿರುತ್ತೇನೆ. ನನಗೇ ಆಕಳಿಕೆ ಬರುತ್ತೆ, ಇನ್ನು ಅವರಿಗೆ ಬರಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ಪರಮಪ್ರಸಾದದ ಪಾಠ. ಪೂಜೆಯಲ್ಲಿ ತೆಳ್ಳನೆಯ ಬಿಳಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತರ ಶರೀರ ಮತ್ತು ರಕ್ತ ಆಗುತ್ತವೆ ಅಂತ ಓದುತ್ತಿದ್ದೆ. ಏಳನೇ ಕ್ಲಾಸಿನ ಒಬ್ಬ ಹುಡುಗ ಎದ್ದು "ಮಿಸ್, ಅದು ಖರೇನ ಯೇಸು ಇದ್ರ, ಅಪ್ಪಳ ತಿಂದಂಗ ಯಾಕ ಆಗ್ತದ?" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಅವನು ಬೇಕಂತಲೇ ತಮಾಷೆ ಮಾಡುತ್ತಿದ್ದಾನೆ ಅಂತ ನನಗೆ ಸಿಟ್ಟು ಬಂತು. ದೇವರ ವಿಷಯದಲ್ಲಿ ಹುಡುಗಾಟ ಬೇಡ ಅಂತ ಗದರಿಸಿ, ಕ್ಲಾಸ್ ಮುಗಿಯುವವರೆಗೆ ನಿಲ್ಲಿಸಿದೆ. ಅದಾದ ಮೇಲೆ ಒಂದು ಹುಡುಗಿ ಮೆಲ್ಲಗೆ "ಮಿಸ್, ಪೂಜೆದಾಗ ರೊಟ್ಟಿ ರೊಟ್ಟಿ ಅಂತೀವಿ, ಜ್ವಾಳದ ರೊಟ್ಟಿ ಯಾಕ ಇಡಲ್ಲ?" ಅಂತ ಕೇಳಿದಳು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದೆ.

ಆ ಹುಡುಗ ಆಮೇಲೆ ಎರಡು ಭಾನುವಾರ ಬಂದಿಲ್ಲ. ಅವರಮ್ಮ ತರಕಾರಿ ಅಂಗಡಿಯಲ್ಲಿ ಸಿಕ್ಕು "ಹೊಟ್ಟಿ ನೋವಂತ್ರಿ" ಅಂದರು. ಭಾನುವಾರ ಮಾತ್ರ ಬರುವ ಹೊಟ್ಟೆನೋವು.

ಮನೆಗೆ ಹೋಗಿ ಯೋಚಿಸಿದರೆ, ಅವನ ವಯಸ್ಸಿನಲ್ಲಿ ನನಗೂ ಇದೇ ಪ್ರಶ್ನೆ ಇತ್ತು. ಕೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಕೇಳುವುದು ಮೂರು. ಇಂಥ ಪ್ರಶ್ನೆಗೆ ಏನು ಹೇಳುತ್ತೀರಿ? ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುವುದು ಸರಿಯಾ? ಮತ್ತೆ, ನಮ್ಮ ಚರ್ಚಿನ ಶಾಲೆಯಲ್ಲೂ ವಾರಕ್ಕೊಂದು ಪೀರಿಯಡ್ ತಗೋ ಅನ್ನುತ್ತಿದ್ದಾರೆ, ಅಲ್ಲಿ ಎಲ್ಲ ಜಾತಿ-ಧರ್ಮದ ಮಕ್ಕಳೂ ಇದ್ದಾರೆ. ಅಲ್ಲಿ ಏನು ಮಾಡಲಿ?

---

ಹಳೇ ಉಪದೇಶಿ (ಬೀದರ್ ಜಿಲ್ಲೆ)

ತಂಗಿ, ಮೊದಲು ಆ ಹುಡುಗನ ಮನೆಗೆ ಹೋಗು. ಉಳಿದದ್ದು ಆಮೇಲೆ. ಅವನು ಬರದೆ ಹೋದರೆ ಈ ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಿ ಏನು ಪ್ರಯೋಜನ?

ನಾನು ಹಳ್ಳಿಗಳಲ್ಲಿ ಇಪ್ಪತ್ತು ವರ್ಷದ ಮೇಲಾಯಿತು ಈ ಕೆಲಸ ಮಾಡುತ್ತಾ. ಕಲಬುರಗಿ ಧರ್ಮಕ್ಷೇತ್ರ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆಗಿದ್ದು 2005ರಲ್ಲಿ, ನಾನು ಶುರು ಮಾಡಿದ್ದು ಅದರ ಆಸುಪಾಸಿನಲ್ಲೇ. ಓದಿದ್ದು ಎಸ್ಸೆಸ್ಸೆಲ್ಸಿ, ಮನೆಯಲ್ಲಿ ಮೂರು ಎಕರೆ ತೊಗರಿ ಹೊಲ. ನಿನ್ನ ಹಾಗೇ ನಾನೂ ಮೊದಲ ವರ್ಷ ಪುಸ್ತಕ ಓದಿದೆ. ಮಕ್ಕಳು ಗೋಡೆ ಮೇಲಿನ ಹಲ್ಲಿ ನೋಡಿದರು.

ನನ್ನ ಕಣ್ಣು ತೆರೆಸಿದ್ದು ಬಿತ್ತುವವನ ಸಾಮತಿ, ಯೇಸು ಹೇಳಿದ ನೀತಿಕಥೆ. ಒಂದಷ್ಟು ಬೀಜ ದಾರಿ ಮೇಲೆ ಬಿತ್ತು, ಒಂದಷ್ಟು ಕಲ್ಲಿನ ಮೇಲೆ, ಒಂದಷ್ಟು ಮುಳ್ಳಿನಲ್ಲಿ ಅಂತ ಹೇಳುತ್ತಿದ್ದೆ. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ "ಅವನೌನ, ಅವ ಎಂಥಾ ರೈತ ರಿ? ಕೂರಿಗಿ ಹೂಡಿದ್ರ ಬೀಜ ದಾರಿ ಮ್ಯಾಲ ಹ್ಯಾಂಗ ಬೀಳ್ತದ?" ಅಂದ. ನಾನೂ ರೈತನೇ, ನನಗೆ ಯಾವತ್ತೂ ಹೊಳೆದಿರಲಿಲ್ಲ ನೋಡು! ಆ ಸೀಮೆಯಲ್ಲಿ ಕೂರಿಗೆ ಇಲ್ಲ, ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೈಯಿಂದ ಎರಚುತ್ತಿದ್ದರು, ಅದಕ್ಕೇ ಎಲ್ಲಾ ಕಡೆ ಬೀಳುತ್ತಿತ್ತು ಅಂತ ಫಾದರ್ ಹತ್ತಿರ ಕೇಳಿ ಮುಂದಿನ ವಾರ ಹೇಳಿದೆ. ಆಗ ಆ ಹುಡುಗ ಏನಂದ ಗೊತ್ತಾ? "ಹಂಗಾದ್ರ ದೇವ್ರು ಲೆಕ್ಕಾ ಹಾಕಿ ಬಿತ್ತಂಗಿಲ್ಲ ಅನ್ರಿ." ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವತ್ತಿನಿಂದ ನಾನು ಪಾಠ ಕಡಿಮೆ ಮಾಡಿದೆ, ಕಥೆ ಜಾಸ್ತಿ ಮಾಡಿದೆ. ಕಥೆಯನ್ನೂ ಅರ್ಧಕ್ಕೇ ನಿಲ್ಲಿಸಿ ಕೇಳುತ್ತೇನೆ.

ಇನ್ನೊಂದು ಹೇಳಿಬಿಡುತ್ತೇನೆ. ಮತ್ತಾಯನ ಶುಭಸಂದೇಶ 20ನೇ ಅಧ್ಯಾಯ, ದ್ರಾಕ್ಷಿ ತೋಟದ ಕೂಲಿಗಳು. ಯಜಮಾನ ಬೆಳಿಗ್ಗೆ ಕೆಲವರನ್ನು ಕರೀತಾನೆ, ಮಧ್ಯಾಹ್ನ ಕೆಲವರನ್ನು, ಸಂಜೆ ಇನ್ನೇನು ಒಂದು ತಾಸು ಉಳಿದಾಗ ಇನ್ನೂ ಕೆಲವರನ್ನು. ಕೊನೆಗೆ ಎಲ್ಲರಿಗೂ ಅದೇ ಒಂದು ದಿನದ ಕೂಲಿ. ಕೂಲಿ ಕೊಡುವ ಜಾಗಕ್ಕೆ ಬಂದಾಗ ನಿಲ್ಲಿಸಿ "ಇದು ಸರಿನಾ?" ಅಂತ ಕೇಳಿದೆ. ಗಲಾಟೆಯೋ ಗಲಾಟೆ. ಅನ್ಯಾಯ, ಮೋಸ, ನಾಳೆಯಿಂದ ಯಾರೂ ಬೆಳಿಗ್ಗೆ ಬರಂಗಿಲ್ಲ, ಎಲ್ಲ ಸಂಜಿಗೇ ಬರ್ತಾರ, ಹೀಗೆ. ಅವರ ಮಾತೂ ಖರೇನೇ ಅಲ್ವಾ? ಆಗ ಆರನೇ ಕ್ಲಾಸಿನ ಒಂದು ಹುಡುಗಿ, ಅವರಪ್ಪ ದಿನಾ ಬೆಳಿಗ್ಗೆ ಅಡ್ಡಾದಲ್ಲಿ ನಿಲ್ಲುವವನು, ಗೌಂಡಿ ಕೆಲಸ. ಅವಳು ಹೇಳಿದಳು: "ಸಂಜೀತನಾ ಯಾರೂ ಕರೀಲಿಲ್ಲಂದ್ರ ಆ ಮನುಷ್ಯಾ ಮನೀಗಿ ಹ್ಯಾಂಗ ಹೋಗಬೇಕು? ನಮ್ಮಪ್ಪ ಅಂಥಾ ದಿನಾ ಮನೀಗಿ ಬರದೆ ಗುಡಿ ಕಟ್ಟಿಮ್ಯಾಲ ಕೂಡ್ತಾನ."

ಕ್ಲಾಸು ತಣ್ಣಗಾಯಿತು. ನಾನು ಆ ದಿನ ಮತ್ತೇನೂ ಹೇಳಲಿಲ್ಲ, ಪ್ರಾರ್ಥನೆ ಹೇಳಿ ಕಳಿಸಿದೆ.

ಬಾಯಿಪಾಠ ಬೇಡ ಅಂತ ಯಾರಾದರೂ ಇಲ್ಲಿ ಬಂದು ಹೇಳಿದರೆ ಕೇಳಬೇಡ. ಪರಲೋಕದಲ್ಲಿರುವ ನಮ್ಮ ತಂದೆಯೇ, ನಮೋ ಮರಿಯಾ, ವಿಶ್ವಾಸ ಸಂಗ್ರಹ, ಹತ್ತು ಆಜ್ಞೆ, ಏಳು ಸಂಸ್ಕಾರ (ಸ್ನಾನದೀಕ್ಷೆ, ಪರಮಪ್ರಸಾದದಂಥ ಪವಿತ್ರ ವಿಧಿಗಳು). ಇಷ್ಟು ಬರಲೇಬೇಕು. ಆದರೆ ಅದನ್ನು ಮೊದಲ ಐದು ನಿಮಿಷದಲ್ಲಿ ಎಲ್ಲರೂ ಒಟ್ಟಿಗೆ ಹೇಳಿ ಮುಗಿಸು. ಒಬ್ಬೊಬ್ಬರನ್ನೇ ಎಬ್ಬಿಸಿ ಮಾನ ತೆಗೀಬೇಡ.

---

ಸ್ಟಾಫ್‌ರೂಮಿನ ಮೂಲೆ (ಕಲಬುರಗಿ)

ನಾನು ಹೈಸ್ಕೂಲ್ ಟೀಚರ್, ಕಥೋಲಿಕಳು. ನಿಮ್ಮ ಮೂರನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ತಪ್ಪಿದರೆ ನಿಮಗೂ ಕಷ್ಟ, ಶಾಲೆಗೂ ಕಷ್ಟ.

ಸಂವಿಧಾನದ 28ನೇ ವಿಧಿ ಓದಿ. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲವೇ ಇಲ್ಲ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ ಕೂರಿಸುವ ಹಾಗಿಲ್ಲ, ಮಕ್ಕಳಾದರೆ ತಂದೆ-ತಾಯಿ ಅಥವಾ ಪೋಷಕರು ಒಪ್ಪಬೇಕು. ಆದ್ದರಿಂದ ಆ ಪೀರಿಯಡ್‌ನಲ್ಲಿ ನಮ್ಮ ಮಕ್ಕಳಿಗೆ ಧರ್ಮೋಪದೇಶ ಬೇರೆ ಕೋಣೆಯಲ್ಲಿ, ಉಳಿದವರಿಗೆ ಮೌಲ್ಯ ಶಿಕ್ಷಣ. ಎರಡನ್ನೂ ಕಲಸಬೇಡಿ. ಮೌಲ್ಯ ಶಿಕ್ಷಣ ಅಂತ ಬೋರ್ಡ್ ಮೇಲೆ ಬರೆದು ಒಳಗೆ ಜಪಸರ ಹೇಳಿಸುವುದು ಕಾನೂನಿಗೂ ಸರಿ ಅಲ್ಲ, ಆ ಮಕ್ಕಳ ಮನೆಯವರಿಗೂ ಮೋಸ. ಮುಖ್ಯೋಪಾಧ್ಯಾಯರ ಹತ್ತಿರ ಬರವಣಿಗೆಯಲ್ಲೇ ಕೇಳಿಕೊಳ್ಳಿ, ಯಾವ ಮಕ್ಕಳು, ಯಾವ ಕೋಣೆ, ಪೋಷಕರ ಸಹಿ ಇದೆಯಾ ಅಂತ.

ಇನ್ನೊಂದು, ಯಾರೂ ಹೇಳಲ್ಲ, ನಾನು ಹೇಳುತ್ತೇನೆ: ಒಬ್ಬರೇ ಕ್ಲಾಸ್ ತಗೋಬೇಡಿ. ಇನ್ನೊಬ್ಬರು ದೊಡ್ಡವರು ಇರಲಿ, ಬಾಗಿಲು ತೆರೆದಿರಲಿ. ಯಾವ ಮಗುವನ್ನೂ ಒಂಟಿಯಾಗಿ ಕೋಣೆಯಲ್ಲಿ ಉಳಿಸಿಕೊಂಡು ಬುದ್ಧಿ ಹೇಳಬೇಡಿ. ಮಕ್ಕಳಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಈಗ ಅಪ್ಪಳ. ನಿಮ್ಮ ಹುಡುಗ ಕೇಳಿದ್ದು ಹೊಸದೇನಲ್ಲ. ಯೊವಾನ್ನನ ಶುಭಸಂದೇಶದ 6ನೇ ಅಧ್ಯಾಯ ತೆಗೆದು ನೋಡಿ. ನನ್ನ ಮಾಂಸವೇ ನಿಜವಾದ ಆಹಾರ ಅಂತ ಯೇಸು ಹೇಳಿದಾಗ ಕೇಳಿದವರೇ ಗೊಣಗಿದರು, ಇದು ಕಠಿಣವಾದ ಮಾತು, ಯಾರು ಕೇಳೋಕಾಗುತ್ತೆ ಅಂದರು, ಶಿಷ್ಯರಲ್ಲೇ ಎಷ್ಟೋ ಜನ ಬಿಟ್ಟು ಹೋದರು. ಯೇಸು ಹನ್ನೆರಡು ಜನರ ಕಡೆ ತಿರುಗಿ ನೀವೂ ಹೋಗಬೇಕು ಅಂತಿದ್ದೀರಾ ಅಂತ ಕೇಳಿದರು. ಯಾರನ್ನೂ ಎದ್ದು ನಿಲ್ಲಿಸಲಿಲ್ಲ. (ಕ್ಷಮಿಸಿ, ಚುಚ್ಚಬೇಕು ಅಂತ ಅಲ್ಲ.)

ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚು, ಹೇಳೋದು ಇಷ್ಟು. ಬಣ್ಣ, ರುಚಿ, ಆಕಾರ, ತೂಕ ಎಲ್ಲ ಗೋಧಿ ರೊಟ್ಟಿಯದೇ ಉಳಿಯುತ್ತೆ. ಬದಲಾಗೋದು ಅದು ಏನು ಅನ್ನೋದು. ಹೊರಗಿನ ರೂಪ ಬೇರೆ, ಒಳಗಿನ ತಿರುಳು ಬೇರೆ. ಬಿಷಪ್‌ಗಳೆಲ್ಲ ಸೇರಿದ 1215ರ ಲ್ಯಾಟರನ್ ಮಹಾಸಭೆ ಇದಕ್ಕೆ ಲ್ಯಾಟಿನ್‌ನಲ್ಲಿ ಒಂದು ಪದ ಬಳಸಿತು, ಆಮೇಲೆ ಸಂತ ಥಾಮಸ್ ಅಕ್ವಿನಾಸ್ ಅದನ್ನು ಬಿಡಿಸಿ ಬರೆದರು. ಅಂದರೆ "ಅಪ್ಪಳದ ಹಾಗೇ ಇದೆಯಲ್ಲ" ಅನ್ನೋದಕ್ಕೆ ಧರ್ಮಸಭೆಯ ಉತ್ತರ "ಹೌದಪ್ಪ, ಹಾಗೇ ಇರುತ್ತೆ" ಅಂತಲೇ. ನೀವು ಅದನ್ನು ಒಪ್ಪಿಕೊಂಡು ಶುರು ಮಾಡಿ. ನಂಬೋದು ಬಿಡೋದು ಆಮೇಲಿನ ಮಾತು, ಮೊದಲು ಅವನ ನಾಲಿಗೆ ಸುಳ್ಳು ಹೇಳ್ತಿಲ್ಲ ಅಂತ ಅವನಿಗೆ ಗೊತ್ತಾಗಲಿ.

ಮುಂದೆ ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋದರ) ಪಾಠ ಬರುತ್ತೆ, ಈಗಲೇ ಎಚ್ಚರಿಸುತ್ತೇನೆ. ನೀರು, ಐಸು, ಹಬೆ ಅನ್ನೋ ಉದಾಹರಣೆ ಕೊಡಬೇಡಿ. ನಾನೂ ವರ್ಷಗಟ್ಟಲೆ ಕೊಟ್ಟೆ. ಅದು ಒಂದೇ ನೀರು ಮೂರು ವೇಷ ಹಾಕಿದ ಹಾಗೆ, ಮೂರನೇ ಶತಮಾನದಲ್ಲೇ ಧರ್ಮಸಭೆ ತಪ್ಪು ಅಂತ ತಳ್ಳಿದ ವಾದ ಅದು. ಅದಕ್ಕಿಂತ ಯೇಸು ಜೋರ್ಡಾನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದ ಕಥೆ ಹೇಳಿ. ಮಗ ನೀರಿನಲ್ಲಿ, ಪವಿತ್ರಾತ್ಮ ಪಾರಿವಾಳದಂತೆ ಮೇಲೆ, ತಂದೆಯ ದನಿ ಆಕಾಶದಿಂದ. ಮೂವರೂ ಒಂದೇ ಹೊತ್ತಿನಲ್ಲಿ. ಅರ್ಥ ಆಯ್ತಾ ಅಂತ ಕೇಳಬೇಡಿ, ನನಗೂ ಆಗಿಲ್ಲ.

ಕಲಬುರಗಿಯಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ. ನನ್ನ ಫ್ರೆಂಡ್ ಬಂದೇ ನವಾಜ್ ದರ್ಗಾಕ್ಕೆ ಹೋಗ್ತಾನೆ, ಇನ್ನೊಬ್ಬಳು ಶರಣಬಸಪ್ಪನ ತೇರು ಎಳೆಯೋದು ನೋಡೋಕೆ ಹೋಗ್ತಾಳೆ, ಅವರು ನರಕಕ್ಕೆ ಹೋಗ್ತಾರಾ ಅಂತ. ಇದಕ್ಕೆ ತಡವರಿಸಬೇಡಿ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಬೇರೆ ಧರ್ಮಗಳ ಬಗ್ಗೆ ಒಂದು ಪ್ರಕಟಣೆಯನ್ನೇ ಹೊರಡಿಸಿತು. ಆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನಿದೆಯೋ ಅದನ್ನು ಧರ್ಮಸಭೆ ತಳ್ಳಿಹಾಕಲ್ಲ ಅಂತ ಅದರಲ್ಲಿದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಒಳ್ಳೆಯ ಮನಸ್ಸಿನಿಂದ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಅಂತಲೂ ಅದೇ ಮಹಾಸಭೆ ಹೇಳಿದೆ. ಯಾರು ನರಕಕ್ಕೆ ಅನ್ನೋ ಪಟ್ಟಿ ನಮ್ಮ ಹತ್ತಿರ ಇಲ್ಲ ಅಂತ ಮಕ್ಕಳಿಗೆ ನೇರವಾಗಿ ಹೇಳಿ.

---

ಎರಡು ಮಕ್ಕಳ ಅಪ್ಪ (ಯಾದಗಿರಿ)

ಎಲ್ಲರೂ ಕಲಿಸುವವರ ಕಡೆಯಿಂದಲೇ ಹೇಳುತ್ತಿದ್ದೀರಿ. ಸ್ವಲ್ಪ ನಮ್ಮ ಕಡೆಯದೂ ಕೇಳಿ.

ನನ್ನ ಮಗಳು ಎಂಟನೇ ಕ್ಲಾಸು. ನನ್ನದು ಪಾಳಿ ಕೆಲಸ, ತಿಂಗಳಿಗೆ ಎರಡು ಭಾನುವಾರ ಡ್ಯೂಟಿ ಇರುತ್ತೆ. ಹೋದ ವರ್ಷ, ಯಾವ ಊರು ಯಾವ ಚರ್ಚು ಅಂತ ಹೇಳಲ್ಲ, ಧರ್ಮೋಪದೇಶದ ಕ್ಲಾಸಿನಲ್ಲಿ ಹಾಜರಿ ಕೂಗುವಾಗ "ನಿಮ್ಮಪ್ಪ ಪೂಜೆಗೆ ಬರಲ್ಲ, ನೀನಾದರೂ ಬಂದಿದ್ದೀಯಲ್ಲ, ಪುಣ್ಯ" ಅಂತ ಎಲ್ಲರ ಮುಂದೆ ಹೇಳಿದರಂತೆ. ಮಗಳು ಮನೆಗೆ ಬಂದು ಊಟ ಮಾಡಲಿಲ್ಲ. ರಾತ್ರಿ ನನ್ನ ಹತ್ತಿರ ಬಂದು "ಪಪ್ಪಾ, ನೀವು ಪಾಪ ಮಾಡಾಕತ್ತೀರೇನು?" ಅಂತ ಕೇಳಿದಳು. ರಾತ್ರಿ ಪಾಳಿ ಮುಗಿಸಿ ಬಂದವನು ನಾನು, ಏನು ಹೇಳಲಿ?

ಭಾನುವಾರದ ಪೂಜೆ ಕಡ್ಡಾಯ ಅಂತ ನನಗೆ ಗೊತ್ತಿದೆ. ತಪ್ಪಿಸಲಾಗದ ಕಾರಣ ಇದ್ದರೆ ಪಾಪ ಅಲ್ಲ ಅಂತಲೂ ಧರ್ಮಸಭೆಯೇ ಹೇಳುತ್ತೆ, ಶನಿವಾರ ಸಂಜೆಯ ಪೂಜೆಯೂ ಲೆಕ್ಕಕ್ಕೆ ಬರುತ್ತೆ. ಇದನ್ನು ಕಲಿಸಿದ್ದರೆ ಆಗುತ್ತಿರಲಿಲ್ವಾ? ಮಕ್ಕಳ ಮುಂದೆ ತಂದೆ-ತಾಯಿಯ ಲೆಕ್ಕ ತೆಗೆಯೋ ಅಧಿಕಾರ ಯಾರು ಕೊಟ್ಟರು?

ಮಾರ್ಕ್ಸ್ ಕೊಡೋದಂತೂ ನಿಲ್ಲಿಸಿ ಮಹಾರಾಯರೇ. ವಾರಪೂರ್ತಿ ಶಾಲೆಯಲ್ಲಿ ಟೆಸ್ಟು, ಟ್ಯೂಷನ್‌ನಲ್ಲಿ ಟೆಸ್ಟು. ಏಳು ಸಂಸ್ಕಾರದಲ್ಲಿ ಐದು ಬರೆದವಳಿಗೆ ದೇವರ ಹತ್ತಿರವೂ ಐದೇ ಮಾರ್ಕಾ?

---

ಹಿಂದಿನ ಬೆಂಚು (ಊರು ಶಹಾಪುರ, ಈಗ ಬೆಂಗಳೂರು)

ಆ ಅಪ್ಪಳದ ಹುಡುಗ ನಾನೇ ಅಂದ್ಕೊಳ್ಳಿ, ಹನ್ನೆರಡು ವರ್ಷದ ಹಿಂದೆ.

ಮಿಸ್, ನಿಮಗೆ ನಿಜ ಹೇಳ್ತೀನಿ. ಕ್ಲಾಸಿನಲ್ಲಿ ಹೇಳಿದ ಪಾಠ ಒಂದೂ ನೆನಪಿಲ್ಲ. ನೆನಪಿರೋದು ಎರಡೇ.

ಒಂದು, ಪಾಪನಿವೇದನೆ, ಅಂದ್ರೆ ಫಾದರ್ ಹತ್ತಿರ ಹೋಗಿ ಗುಟ್ಟಾಗಿ ಪಾಪ ಒಪ್ಪಿಕೊಳ್ಳೋದು. ಏಳನೇ ಕ್ಲಾಸಿನಲ್ಲಿ ನನಗೆ ಭಯಂಕರ ಹೆದರಿಕೆ ಇತ್ತು, ಫಾದರ್ ನಮ್ಮಮ್ಮನಿಗೆ ಹೇಳಿಬಿಡ್ತಾರೆ ಅಂತ. (ಏನು ಮಾಡಿದ್ದೆ ಅಂತ ಇಲ್ಲಿ ಬರೆಯಲ್ಲ, ಅಂಗಡಿ, ಗಲ್ಲಾಪೆಟ್ಟಿಗೆ, ಇಷ್ಟು ಸಾಕು.) ಅದಕ್ಕೇ ಪ್ರತಿ ಸಲ "ಸುಳ್ಳು ಹೇಳಿದೆ, ತಮ್ಮನಿಗೆ ಹೊಡೆದೆ" ಅಂತ ಅದೇ ಎರಡು ಪಾಪ ಹೇಳಿ ಬರುತ್ತಿದ್ದೆ. ನಮ್ಮ ಸಿಸ್ಟರ್ ಒಬ್ಬರಿಗೆ ಇದು ಹೇಗೋ ಗೊತ್ತಾಗಿ ಪ್ರಾಗ್ ನಗರದ ಜಾನ್ ನೆಪೋಮುಕ್ ಅನ್ನೋ ಗುರುವಿನ ಕಥೆ ಹೇಳಿದರು. ರಾಣಿಯ ಪಾಪನಿವೇದನೆ ಏನು ಅಂತ ರಾಜ ಕೇಳಿದ, ಇವರು ಹೇಳಲಿಲ್ಲ, 1393ರಲ್ಲಿ ನದಿಗೆ ಎಸೆದು ಕೊಂದರು ಅಂತ ಪರಂಪರೆಯಿಂದ ಬಂದ ಕಥೆ. ಆಮೇಲೆ ಸಿಸ್ಟರ್ ಹೇಳಿದರು, ಕೇಳಿದ ಪಾಪವನ್ನು ಹೊರಗೆ ಹೇಳಿದ ಗುರು ತಾನಾಗಿಯೇ ಧರ್ಮಸಭೆಯ ಬಹಿಷ್ಕಾರಕ್ಕೆ ಒಳಗಾಗ್ತಾರೆ, ಕೋರ್ಟು ಪೊಲೀಸು ಯಾರು ಕೇಳಿದರೂ ಹೇಳೋ ಹಾಗಿಲ್ಲ ಅಂತ. ಆ ಶನಿವಾರ ಹೋಗಿ ಗಲ್ಲಾಪೆಟ್ಟಿಗೆ ವಿಷಯ ಹೇಳಿದೆ. ಫಾದರ್ ಬೈಯಲಿಲ್ಲ, ದುಡ್ಡು ವಾಪಸ್ ಇಡು ಅಂದರು. ಇಟ್ಟೆ. ಹೊರಗೆ ಬಂದಾಗ ಚಪ್ಪಲಿ ಹಾಕ್ಕೊಳ್ಳೋದನ್ನೇ ಮರೆತು ಬರಿಗಾಲಲ್ಲಿ ಮನೆವರೆಗೂ ನಡೆದಿದ್ದೆ.

ಎರಡು, ಬಾಯಿಪಾಠ. ಹೋದ ವರ್ಷ ರಾತ್ರಿ ಜೇವರ್ಗಿ ರಸ್ತೆಯಲ್ಲಿ ಬೈಕ್ ಕೆಟ್ಟು ನಿಂತಿತ್ತು, ಮೊಬೈಲ್ ಸತ್ತಿತ್ತು, ಸುತ್ತ ಹತ್ತಿ ಹೊಲ, ಎಲ್ಲೋ ನಾಯಿಗಳು. ಆರು ವರ್ಷದಿಂದ ಚರ್ಚಿನ ಕಡೆ ತಲೆ ಹಾಕದವನ ಬಾಯಲ್ಲಿ ನಮೋ ಮರಿಯಾ ತಾನಾಗೇ ಬಂತು, ಅದೂ ಕ್ಲಾಸಿನಲ್ಲಿ ರಾಗ ಎಳೆದು ಹೇಳುತ್ತಿದ್ದ ಹಾಗೇ. ನಗು ಬಂತು. ಆಮೇಲೆ ಟಂಟಂ ಬಂತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ.

ಹಾಂ, ಮೊಬೈಲ್ ಹಿಡಿದ ಮಕ್ಕಳಿಗೆ ಹಳೇ ಸಂತರ ಜೊತೆ ಕಾರ್ಲೊ ಅಕುಟಿಸ್ ಬಗ್ಗೆ ಹೇಳಿ. 1991ರಲ್ಲಿ ಹುಟ್ಟಿದವನು, 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಹೋದ, 2025ರ ಸೆಪ್ಟೆಂಬರ್ 7ರಂದು ಸಂತ ಅಂತ ಘೋಷಿಸಿದರು. ಪರಮಪ್ರಸಾದದ ಪವಾಡಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡಿದ್ದ. ಅಸ್ಸಿಸಿಯಲ್ಲಿ ಅವನ ದೇಹ ಜೀನ್ಸ್ ಪ್ಯಾಂಟು, ಸ್ಪೋರ್ಟ್ಸ್ ಶೂ ಹಾಕಿಯೇ ಇಟ್ಟಿದ್ದಾರೆ. ಫೋಟೋ ತೋರಿಸಿ, ಸಾಕು. ಆದರೆ ದಯವಿಟ್ಟು "ನೋಡಿ ಅವನು, ನೀವೂ ಇದ್ದೀರಿ" ಅಂತ ಕೊನೆಗೆ ಸೇರಿಸಬೇಡಿ!

---

ಕಪ್ಪುಹಲಗೆ (ಬಸವಕಲ್ಯಾಣ)

ನಾನು ಕ್ರೈಸ್ತನಲ್ಲ, ಲಿಂಗಾಯತ, ಕನ್ನಡ ಮಾಸ್ತರ. ಈ ಚರ್ಚೆ ಓದಿ ಸುಮ್ನೆ ಇರಲಾಗಲಿಲ್ಲ.

ನಿಮ್ಮ ಪುಸ್ತಕದ ಭಾಷೆ ಒಮ್ಮೆ ನೋಡಿಕೊಳ್ಳಿ ಮೇಡಂ. ಪಕ್ಕದ ಮನೆಯ ಹುಡುಗಿ ನನ್ನ ಹತ್ತಿರ ಅರ್ಥ ಕೇಳಲು ತಂದಿದ್ದಳು. "ರಕ್ಷಣಾ ಯೋಜನೆ" (ದೇವರು ಮನುಷ್ಯರನ್ನು ಪಾಪದಿಂದ ಬಿಡಿಸುವ ಯೋಜನೆ) ಅಂದರೆ ಮಿಲಿಟರಿ ಅಂದುಕೊಂಡಿದ್ದಳು. ಇಂಗ್ಲಿಷ್ ಮೀಡಿಯಂ ಮಕ್ಕಳು, ಮನೆಯಲ್ಲಿ ಒಬ್ಬರದು ತೆಲುಗು, ಇನ್ನೊಬ್ಬರದು ಮರಾಠಿ, ಗಲ್ಲಿಯಲ್ಲಿ ದಖನಿ. ಅವರ ಕೈಗೆ ಅಷ್ಟು ದೊಡ್ಡ ಸಂಸ್ಕೃತದ ಪದಗಳು ಕೊಟ್ಟರೆ ದೇವರೂ ಒಂದು ಸಬ್ಜೆಕ್ಟ್ ಆಗುತ್ತಾನೆ. ಮೊದಲು ಆಡುಮಾತಿನಲ್ಲಿ ಹೇಳಿ, ಕೊನೆಗೆ ಆ ಪದ ಬೋರ್ಡ್ ಮೇಲೆ ಬರೆಯಿರಿ.

ಹತ್ತು ಆಜ್ಞೆ ಹೇಳಿಕೊಡುವಾಗ ಮಕ್ಕಳು "ಕಳಬೇಡ ಕೊಲಬೇಡ" ಅಂತ ಬಸವಣ್ಣನವರ ವಚನ ಶುರು ಮಾಡಿದರೆ ತಡೆಯಬೇಡಿ. ಎರಡೂ ಒಂದೇ ಅಂತ ಹೇಳಿ ಅಂತ ನಾನು ಹೇಳುತ್ತಿಲ್ಲ, ಒಂದೇ ಅಲ್ಲ. ಆದರೆ ಅವರಿಗೆ ಗೊತ್ತಿರುವ ಬಾಗಿಲು ಅದು.

---

ಹಳೇ ಉಪದೇಶಿ (ಬೀದರ್ ಜಿಲ್ಲೆ)

ಮಾಸ್ತರ ಹೇಳಿದ್ದು ಸರಿ. ಆಜ್ಞೆ ಅಂದಾಗ ನೆನಪಾಯಿತು. ನಮ್ಮ ಬೀದರ್ ಕಡೆ ಮೆಥೋಡಿಸ್ಟರೇ (ಪ್ರೊಟೆಸ್ಟೆಂಟ್ ಕ್ರೈಸ್ತರು) ಜಾಸ್ತಿ, ಒಂದೇ ಮನೆತನದಲ್ಲಿ ಅಣ್ಣ ಅಲ್ಲಿ, ತಮ್ಮ ಇಲ್ಲಿ. ಒಬ್ಬ ಹುಡುಗ ಅತ್ತೆ ಮಗನ ಪುಸ್ತಕ ತಂದು "ಅವರ ಎರಡನೇ ಆಜ್ಞೆ, ಮೂರ್ತಿ ಮಾಡಬ್ಯಾಡ ಅನ್ನೋದು, ನಮ್ಮ ಪಟ್ಟಿದಾಗ ಇಲ್ಲ, ನಮ್ಮವ್ರು ಕದ್ದಾರ" ಅಂದ. ಎದೆ ಧಸಕ್ ಅಂತು. ಕದ್ದಿಲ್ಲ. ಬೈಬಲ್‌ನಲ್ಲಿ ಆಜ್ಞೆಗಳ ಮುಂದೆ ಒಂದು, ಎರಡು ಅಂತ ನಂಬರ್ ಹಾಕಿಲ್ಲ. ನಾವು ಸಂತ ಅಗಸ್ಟೀನರ ಎಣಿಕೆ ಹಿಡಿದಿದ್ದೇವೆ, ಮೂರ್ತಿಯ ಮಾತು ಮೊದಲನೇ ಆಜ್ಞೆಯಲ್ಲೇ ಸೇರಿದೆ, ಕೊನೆಯ ಆಸೆ ಪಡಬೇಡ ಅನ್ನೋದನ್ನು ಎರಡು ಮಾಡಿದ್ದೇವೆ. ಲೂಥರನ್ನರದೂ ಇದೇ ಎಣಿಕೆ. ವಿಮೋಚನಾ ಕಾಂಡ 20ನೇ ಅಧ್ಯಾಯ ತೆಗೆದು ಇಬ್ಬರು ಹುಡುಗರನ್ನೂ ಕೂರಿಸಿ ಎಣಿಸಲು ಹೇಳಿದೆ. ಇಬ್ಬರಿಗೂ ಹತ್ತು ಬಂತು.

---

ಭಾನುವಾರದ ಮಿಸ್ (ಕಲಬುರಗಿ)

ಎಲ್ಲರಿಗೂ ಥ್ಯಾಂಕ್ಸ್. ಯಾದಗಿರಿಯ ಅಣ್ಣನವರ ಮಾತು ಓದಿ ಹಾಜರಿ ಕೂಗುವುದನ್ನೇ ಬಿಟ್ಟಿದ್ದೇನೆ, ಸುಮ್ನೆ ನೋಡಿ ಬರೆದುಕೊಳ್ಳುತ್ತೇನೆ. ಶಾಲೆಯ ಪೀರಿಯಡ್ ಬಗ್ಗೆ ಬರೆದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಶುಕ್ರವಾರ ಡ್ಯೂಟಿ ಮುಗಿಸಿ ಆ ಹುಡುಗನ ಮನೆಗೆ ಹೋದೆ. ಅವನು ಹಿತ್ತಲ ಬಾಗಿಲಿನಿಂದ ಓಡಿಹೋದ. ಅವರಮ್ಮ ರೊಟ್ಟಿ ಬಡಿಯುತ್ತಿದ್ದರು, ಕೂತು ಒಂದು ರೊಟ್ಟಿ, ಪುಂಡಿಪಲ್ಯೆ ತಿಂದೆ. ಅರ್ಧ ಗಂಟೆ ಆದಮೇಲೆ ಬಂದು ಕಂಬದ ಹಿಂದೆ ನಿಂತ. "ನಿನ್ನ ಪ್ರಶ್ನೆ ಸರಿ ಇತ್ತು, ನಿಲ್ಲಿಸಿದ್ದು ನನ್ನ ತಪ್ಪು" ಅಂದೆ. ಅವನು ಏನೂ ಹೇಳಲಿಲ್ಲ. ಅವರಮ್ಮನ ಮುಖ ನೋಡಬೇಕಿತ್ತು, ದೊಡ್ಡವರು ಹೀಗೆ ಹೇಳಿದ್ದು ಅವರು ಕೇಳಿರಲಿಲ್ಲ ಅನ್ನಿಸುತ್ತೆ.

ಭಾನುವಾರ ಪುಸ್ತಕ ಮನೆಯಲ್ಲೇ ಬಿಟ್ಟೆ. ಜೋಳದ ಹಿಟ್ಟು, ಗೋಧಿ ಹಿಟ್ಟು, ಎರಡು ಬಟ್ಟಲು, ಒಂದು ಫ್ಲಾಸ್ಕ್ ಬಿಸಿನೀರು. ಸಿಸ್ಟರ್ ಹತ್ತಿರ ಇನ್ನೂ ಪೂಜೆಗೆ ಇಡದ ಬಿಳಿ ಅಪ್ಪ (ಅದೇ ತೆಳು ರೊಟ್ಟಿ) ಒಂದಿಷ್ಟು ಕೇಳಿ ತಂದಿದ್ದೆ. ಕಲಸಿ ಅಂದೆ. ಜೋಳದ್ದು ತಣ್ಣೀರಿಗೆ ಕೂಡುವುದೇ ಇಲ್ಲ, ಬಿಸಿನೀರು ಹಾಕಿ ನಾದಿದರೂ ಎಳೆದರೆ ಹರಿಯುತ್ತೆ. ಗೋಧಿಯದು ರಬ್ಬರಿನ ಹಾಗೆ ಎಳೆಯುತ್ತೆ. ಹುಡುಗಿಯರಿಗೆ ಇದೆಲ್ಲ ಗೊತ್ತಿತ್ತು, ಹುಡುಗರಿಗೆ ಹೊಸದು! ಆಮೇಲೆ ಹೇಳಿದೆ: ಪೂಜೆಯ ರೊಟ್ಟಿ ಗೋಧಿಯದೇ ಆಗಬೇಕು ಅಂತ ಧರ್ಮಸಭೆಯ ನಿಯಮ. ಯೇಸುವಿನ ಕಡೆಯ ಊಟ ಯೆಹೂದ್ಯರ ಪಾಸ್ಖದ ಹಬ್ಬದ್ದು. ಐಗುಪ್ತದಿಂದ (ಈಜಿಪ್ಟಿನಿಂದ) ಅವಸರದಲ್ಲಿ ಹೊರಟವರಿಗೆ ಹಿಟ್ಟು ಹುಳಿ ಬರುವಷ್ಟು ಹೊತ್ತೂ ಇರಲಿಲ್ಲ, ಅದರ ನೆನಪಿಗೆ ಹುಳಿ ಇಲ್ಲದ ರೊಟ್ಟಿ. ಹುಳಿ ಇಲ್ಲ ಅನ್ನೋದರಲ್ಲಿ ನಿಮ್ಮಮ್ಮನ ಜೋಳದ ರೊಟ್ಟಿಗೆ ಹತ್ತಿರ, ಬ್ರೆಡ್ಡಿಗೆ ದೂರ. ಜೋಳ ಕೇಳಿದ ಹುಡುಗಿಗೆ ಖುಷಿ ಆಯಿತು.

ಹುಡುಗ ಬಂದಿದ್ದ, ಕೊನೆಯ ಸಾಲಿನಲ್ಲಿ. ಬಿಳಿ ಅಪ್ಪ ಒಂದೊಂದು ಕೊಟ್ಟು ತಿನ್ನಿ ಅಂದೆ. ಇದಕ್ಕೆ ಇನ್ನೂ ಪೂಜೆ ಆಗಿಲ್ಲ, ಬರೀ ಗೋಧಿ ಹಿಟ್ಟು ನೀರು ಅಂತ ಎರಡು ಸಲ ಹೇಳಿದೆ. ಅಪ್ಪಳದ ಹಾಗೇ ಇದೆಯಾ? ಇದೆ ಮಿಸ್. ಪೂಜೆ ಆದಮೇಲೂ ಹಾಗೇ ಇರುತ್ತೆ. ನಾನು ಲ್ಯಾಬಿನವಳು, ನನ್ನ ಮೆಷಿನ್‌ಗೆ ಹಾಕಿದರೆ ಗೋಧಿ ಅಂತಲೇ ರಿಪೋರ್ಟ್ ಬರುತ್ತೆ, ನಾನೇ ಸಹಿ ಹಾಕಿ ಕೊಡ್ತೀನಿ. ಧರ್ಮಸಭೆ ಹೇಳೋದು ಮೆಷಿನ್ ನೋಡೋಕಾಗದ್ದರ ಬಗ್ಗೆ. ನಾನು ಅದನ್ನು ಯೇಸುವಿನ ಮಾತಿನ ಮೇಲೆ ನಂಬ್ತೀನಿ, ನಾಲಿಗೆ ಮೇಲೆ ಅಲ್ಲ. ಇಷ್ಟೇ ಹೇಳಿದೆ. ಎಲ್ಲರಿಗೂ ಹಿಡಿಸಿತು ಅಂತ ಹೇಳಲ್ಲ, ಇಬ್ಬರು ಹಿಟ್ಟಿನ ಉಂಡೆ ಮಾಡಿ ಒಬ್ಬರಿಗೊಬ್ಬರು ಎಸೆಯುತ್ತಿದ್ದರು.

ಕ್ಲಾಸು ಮುಗಿದು ಬಟ್ಟಲು ತೊಳೆಯುತ್ತಿದ್ದಾಗ ಅವನು ಪಕ್ಕಕ್ಕೆ ಬಂದ. "ಮಿಸ್, ನಮ್ಮ ಕ್ಲಾಸಿನಾಗ ಒಬ್ಬವಗ ಗೋಧಿ ತಿಂದ್ರ ಆಗಂಗಿಲ್ಲ, ಡಾಕ್ಟರ್ ಬ್ಯಾಡ ಅಂದಾರ. ಅಂಥಾವ್ರು ಏನ್ ಮಾಡಬೇಕ್ರಿ?"

ನನಗೆ ಉತ್ತರ ಗೊತ್ತಿತ್ತು. ಗ್ಲುಟೆನ್ (ಗೋಧಿಯ ಅಂಟಿನ ಅಂಶ) ತೀರಾ ಕಡಿಮೆ ಇರುವ ಗೋಧಿ ಅಪ್ಪಕ್ಕೆ ಒಪ್ಪಿಗೆ ಇದೆ, ಪೂರ್ತಿ ಇಲ್ಲದ್ದಕ್ಕೆ ಇಲ್ಲ. ಅದೂ ಆಗದವರು ಪಾತ್ರೆಯಿಂದ ದ್ರಾಕ್ಷಾರಸ ಮಾತ್ರ ತಗೋಬಹುದು. ಲ್ಯಾಬಿನಲ್ಲಿ ಆ ಟೆಸ್ಟು ಮಾಡುವವಳು ನಾನೇ, ಇದನ್ನು ಎಂದೋ ಕೇಳಿ ತಿಳಿದುಕೊಂಡಿದ್ದೆ.

ಆದರೂ "ಒಳ್ಳೇ ಪ್ರಶ್ನೆ, ಮುಂದಿನ ಭಾನುವಾರ ಬಾ, ಹೇಳ್ತೀನಿ" ಅಂದೆ.